ಬರೆಯದ ಕರಾರಿಗೂ ಕಲಮುಗಳಿವೆ

“ನಿಮ್ಮಿಬ್ಬರಲ್ಲಿ ಒಬ್ಬರು ನಾಳೆ ಬೆಳಿಗ್ಗೆ ಇಲ್ಲ ಅಂತಾದ್ರೆ?”

ಈ ಪ್ರಶ್ನೆ ಕೇಳಿಸಿಕೊಂಡು ನನ್ನ ಆಫೀಸಿನಿಂದ ಎದ್ದು ಹೋದವರಿದ್ದಾರೆ. ಕಳೆದ ಶ್ರಾವಣದ ಒಂದು ಶುಕ್ರವಾರ ಬಂದಿದ್ದ ಗೆಳೆಯರಿಬ್ಬರು ಹೋಗಲಿಲ್ಲ. ಒಬ್ಬರು ಗೋಡೆಯ ಮೇಲಿನ ಲಕ್ಷ್ಮಿ ಪಟ ನೋಡಿದರು. ಇನ್ನೊಬ್ಬರು ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಮಡಿಲಿಗೆ ಒತ್ತಿಕೊಂಡರು. “ಸಾರ್, ಒಳ್ಳೇ ದಿನ ನೋಡ್ಕೊಂಡು ಬಂದೀವಿ. ಇವತ್ತೇ ಯಾಕೆ ಅಂಥ ಮಾತು?” ಎಂದರು ಪಟ ನೋಡಿದವರು. ನಾನು ಕೆಳಗಿನ ಹೋಟೆಲಿಗೆ ಮೂರು ಕಾಫಿ ಹೇಳಿ ಕಳಿಸಿದೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ಕೂತು ವ್ಯಾಪಾರಸ್ಥರ ತೆರಿಗೆ ಲೆಕ್ಕ ನೋಡಿಕೊಳ್ಳುವುದು, ಪಾಲುದಾರಿಕೆ ಪತ್ರದ ಕರಡು ಬರೆದುಕೊಡುವುದು ನನ್ನ ಕಸುಬು. ಮೂವತ್ತೆರಡು ವರ್ಷವಾಯಿತು. ಬಂದಿದ್ದವರಲ್ಲಿ ಒಬ್ಬರು ಹದಿನಾಲ್ಕು ವರ್ಷ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ದುಡಿದವರು. ಊರಿನ ಪೇಂಟರು, ಗಾರೆ ಮೇಸ್ತ್ರಿಗಳೆಲ್ಲ ಅವರಿಗೆ ಗೊತ್ತು. ಇನ್ನೊಬ್ಬರು ಚನ್ನಗಿರಿ ಕಡೆಯವರು. ಅಡಿಕೆ ತೋಟವಿದೆ, ಕೈಯಲ್ಲಿ ಇಪ್ಪತ್ತು ಲಕ್ಷವಿದೆ. ಒಬ್ಬರದು ದುಡಿಮೆ, ಒಬ್ಬರದು ದುಡ್ಡು. ಹದಡಿ ರಸ್ತೆಯಲ್ಲಿ ಮಳಿಗೆ ನೋಡಿದ್ದಾಗಿದೆ. ಪ್ಲಾಸ್ಟಿಕ್ ಕವರಿನೊಳಗಿಂದ ಹೊರಬಂದದ್ದು ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ. ಅದರ ಮೇಲೆ ಇದ್ದದ್ದು ಒಂದೇ ಸಾಲು: ಲಾಭ ಅರ್ಧ ಅರ್ಧ.

“ಇಷ್ಟೇನಾ?”

“ಇನ್ನೇನು ಬೇಕು ಸಾರ್? ಅಣ್ಣ-ತಮ್ಮ ಇದ್ದಂಗೆ ನಾವು.”

ನಮ್ಮ ಸಿವಿಲ್ ಕೋರ್ಟಿನಲ್ಲಿ ಅಣ್ಣ-ತಮ್ಮಂದಿರ ಭಾಗದ ದಾವೆಗಳು ಎಷ್ಟು ಎಂದು ನೋಡಿದವರು ಆ ಹೋಲಿಕೆ ಕೊಡುವುದಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಹೇಳಿದ್ದು ಬೇರೆ. ಈ ಹಾಳೆಯಲ್ಲಿ ನೀವು ಒಂದು ಸಾಲು ಬರೆದಿದ್ದೀರಿ, ಉಳಿದ ಸಾಲುಗಳನ್ನೆಲ್ಲ ಕಾನೂನು ಆಗಲೇ ಬರೆದು ಇಟ್ಟುಬಿಟ್ಟಿದೆ. ಅದು ನಿಮಗೆ ಒಪ್ಪಿಗೆಯೋ ಇಲ್ಲವೋ ನೋಡಿಕೊಳ್ಳಿ.

ಭಾರತೀಯ ಪಾಲುದಾರಿಕೆ ಕಾಯ್ದೆ 1932ರದು. ಅದಕ್ಕೂ ಮೊದಲು ಈ ವಿಷಯ 1872ರ ಕರಾರು ಕಾಯ್ದೆಯ ಒಂದು ಅಧ್ಯಾಯವಾಗಿತ್ತು. 74 ಕಲಮುಗಳ ಚಿಕ್ಕ ಕಾಯ್ದೆ. ಅದರಲ್ಲಿ ಪಾಲುದಾರರು ತಮ್ಮತಮ್ಮೊಳಗೆ ಹೇಗಿರಬೇಕು ಎಂದು ಹೇಳುವ ಹಲವು ಕಲಮುಗಳು ‘ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ’ ಎಂಬ ಅರ್ಥದ ಮಾತಿನಿಂದಲೇ ಶುರುವಾಗುತ್ತವೆ. ನೀವು ಬಾಯಿ ಬಿಟ್ಟ ಕಡೆ ಕಾನೂನು ಸುಮ್ಮನಿರುತ್ತದೆ, ನೀವು ಸುಮ್ಮನಿದ್ದ ಕಡೆ ಅದು ಮಾತಾಡುತ್ತದೆ. ಇನ್ನೊಂದು ವಿಷಯ: ಪಾಲುದಾರಿಕೆ ಹುಟ್ಟಲು ಛಾಪಾ ಕಾಗದವೇ ಬೇಕಾಗಿಲ್ಲ. ಲಾಭ ಹಂಚಿಕೊಳ್ಳಲು ಒಪ್ಪಿ, ಎಲ್ಲರ ಪರವಾಗಿ ಎಲ್ಲರೋ ಒಬ್ಬರೋ ವ್ಯಾಪಾರ ನಡೆಸಿದರೆ ಸಾಕು, ಬಾಯಿಮಾತಿನಲ್ಲೇ ಹುಟ್ಟಿಬಿಡುತ್ತದೆ. ಲಾಭದಲ್ಲಿ ಪಾಲು ತೆಗೆದುಕೊಂಡವರೆಲ್ಲ ಪಾಲುದಾರರಾಗುವುದಿಲ್ಲ ಎನ್ನುವುದೂ ನಿಜ. ಲಾಭದ ಮೇಲೆ ಬೋನಸ್ ಪಡೆಯುವ ಮ್ಯಾನೇಜರು, ಸಾಲ ಕೊಟ್ಟು ಲಾಭಕ್ಕೆ ತಕ್ಕಂತೆ ಬಡ್ಡಿ ಪಡೆಯುವವನು ಅಷ್ಟರಿಂದಲೇ ಪಾಲುದಾರರಲ್ಲ. ಯಾರು ಯಾರ ಪರವಾಗಿ ವ್ಯವಹರಿಸುತ್ತಿದ್ದರು ಎಂಬುದನ್ನೇ ಕೋರ್ಟು ಮುಖ್ಯವಾಗಿ ನೋಡುತ್ತದೆ.

ಕಾಫಿ ಬಂತು. ಅದೇ ಹಾಳೆಯ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದೆ. ತೋಟದವರ ಬಂಡವಾಳ ಇಪ್ಪತ್ತು ಲಕ್ಷ, ಅಂಗಡಿಯವರದು ಸೊನ್ನೆ. ಮೂರು ವರ್ಷದಲ್ಲಿ ಅಂಗಡಿ ಮುಳುಗಿತು ಎಂದಿಟ್ಟುಕೊಳ್ಳಿ. ಇದ್ದಬದ್ದ ಮಾಲು ಮಾರಿ ಸಾಲ ತೀರಿಸಿದ ಮೇಲೆ ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಈಗ ಯಾರು ಯಾರಿಗೆ ಎಷ್ಟು ಕೊಡಬೇಕು?

“ಯಾರೂ ಯಾರಿಗೂ ಇಲ್ಲ ಸಾರ್. ಅವರ ದುಡ್ಡು ಹೋಯ್ತು, ನನ್ನ ದುಡಿಮೆ ಹೋಯ್ತು,” ಎಂದರು ಅಂಗಡಿಯವರು.

ನ್ಯಾಯವಾಗಿ ಕಾಣುವ ಉತ್ತರ. ಆದರೆ ಕಾಯ್ದೆಯ ಉತ್ತರ ಅದಲ್ಲ. ನಷ್ಟ ಹಂಚಿಕೆಯ ಬಗ್ಗೆ ಮಾತಾಗದಿದ್ದರೆ ಲಾಭದಂತೆ ನಷ್ಟವೂ ಸಮಪಾಲು, ಯಾರು ಎಷ್ಟು ಹಾಕಿದ್ದರೂ ಸರಿ. ಬಂಡವಾಳ ಕರಗಿದ್ದೂ ನಷ್ಟವೇ. ಇಪ್ಪತ್ತು ಲಕ್ಷದ ನಷ್ಟದಲ್ಲಿ ದುಡಿದವರ ಪಾಲು ಹತ್ತು ಲಕ್ಷ. ಒಂದು ರೂಪಾಯಿ ಹಾಕದವರು ಗೆಳೆಯನಿಗೆ ಹತ್ತು ಲಕ್ಷ ಕಟ್ಟಿಕೊಡಬೇಕು. ಅಂಗಡಿಯವರು ಲೋಟ ಕೆಳಗಿಟ್ಟರು. ತೋಟದವರು ನಕ್ಕು, “ನಾನು ಕೇಳೋನಲ್ಲ ಬಿಡ್ರೀ,” ಎಂದರು. ಅವರು ಕೇಳದಿರಬಹುದು. ಅವರ ಮಕ್ಕಳು ಕೇಳಬಹುದು.

ಇಲ್ಲಿ ನನಗೆ ಯಾವಾಗಲೂ ನೆನಪಾಗುವುದು ನಮ್ಮ ಬಸವಕಲ್ಯಾಣ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಮಿತಾಕ್ಷರಾ ಎಂದೊಡನೆ ನಮಗೆ ಪಿತ್ರಾರ್ಜಿತ ಆಸ್ತಿಯ ಭಾಗವೇ ಕಣ್ಣಮುಂದೆ ಬರುತ್ತದೆ. ಆದರೆ ಅದರಲ್ಲಿ ಹತ್ತು ಜನ ಕೂಡಿ ಮಾಡುವ ವ್ಯಾಪಾರದ ಪ್ರಕರಣವೂ ಇದೆ, ಹೆಸರು ಸಂಭೂಯ ಸಮುತ್ಥಾನ. ಕೂಡಿ ವ್ಯಾಪಾರ ಮಾಡುವವರ ಲಾಭನಷ್ಟ ಹಾಕಿದ ದ್ರವ್ಯಕ್ಕೆ ತಕ್ಕಂತೆ, ಇಲ್ಲವೇ ಮಾತಾಡಿಕೊಂಡಂತೆ ಎಂಬುದು ಅಲ್ಲಿನ ನಿಯಮ. ಉಳಿದವರು ಬೇಡವೆಂದದ್ದನ್ನು ಮಾಡಿ ಕೆಡಿಸಿದವನೇ ಅದನ್ನು ತುಂಬಿಕೊಡಬೇಕು. ಆಪತ್ತಿನಲ್ಲಿ ಮಾಲು ಕಾಪಾಡಿದವನಿಗೆ ಹತ್ತರಲ್ಲೊಂದು ಪಾಲು. ಮೋಸಗಾರನನ್ನು ಲಾಭ ಕೊಡದೆ ಹೊರಹಾಕಬಹುದು. ಅಂದಿನ ನಿಯಮ ಹಾಕಿದ ದುಡ್ಡನ್ನು ನೋಡುತ್ತಿತ್ತು, ಇಂದಿನದು ತಲೆಯೆಣಿಸಿ ಸಮ ಎನ್ನುತ್ತದೆ. ನಮ್ಮ ಪೇಟೆಯ ಮಂದಿ ಇನ್ನೂ ಹಳೆಯ ನಿಯಮವೇ ನಡೆಯುತ್ತದೆ ಎಂದುಕೊಂಡಿದ್ದಾರೆ. ಹೆಚ್ಚು ಹಾಕಿದವನಿಗೆ ಹೆಚ್ಚು ಎಂಬುದು ಅವರಿಗೆ ಹೇಳಬೇಕಾಗಿಯೇ ಇಲ್ಲದ ಮಾತು. ಹೇಳದೆ ಬಿಟ್ಟದ್ದರಿಂದಲೇ ಕೆಡುವುದು.

ಸಂಬಳದ ಕತೆಯೂ ಹಾಗೆಯೇ. ಬೆಳಿಗ್ಗೆ ಎಂಟಕ್ಕೆ ಷಟರ್ ಎತ್ತಿ ರಾತ್ರಿ ಒಂಬತ್ತಕ್ಕೆ ಎಳೆಯುವ ಪಾಲುದಾರನಿಗೆ ಕರಾರಿನಲ್ಲಿ ಬರೆದಿಲ್ಲದಿದ್ದರೆ ಒಂದು ಪೈಸೆ ಸಂಬಳವಿಲ್ಲ. ಬಂಡವಾಳದ ಮೇಲೆ ಬಡ್ಡಿಯೂ ಇಲ್ಲ. ಬರೆದಿದ್ದರೂ ಆ ಬಡ್ಡಿ ಲಾಭ ಬಂದಾಗ ಮಾತ್ರ. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚು ಹಣವನ್ನು ಸಂಸ್ಥೆಗೆ ಕೈಗಡವಾಗಿ ಕೊಟ್ಟರೆ ಕಾಯ್ದೆ ಕೊಡಿಸುವ ಬಡ್ಡಿ ವರ್ಷಕ್ಕೆ ಶೇ. 6. ಇದನ್ನು ಆದಾಯ ತೆರಿಗೆಯ ಶೇ. 12ರ ಜೊತೆ ಗೊಂದಲ ಮಾಡಿಕೊಳ್ಳುವವರು ಬಹಳ. ಆ ಹನ್ನೆರಡು, ಪಾಲುದಾರರಿಗೆ ಕೊಡುವ ಬಡ್ಡಿಯಲ್ಲಿ ಎಷ್ಟನ್ನು ಖರ್ಚೆಂದು ಒಪ್ಪುತ್ತೇವೆ ಎಂದು ತೆರಿಗೆ ಇಲಾಖೆ ಹಾಕಿದ ಗೆರೆ. ಅದೂ ಕರಾರಿನಲ್ಲಿ ಬಡ್ಡಿಯ ಮಾತು ಇದ್ದರೆ.

ನಾನು ಈ ಕಸುಬಿಗೆ ಬಂದದ್ದಕ್ಕೆ ಕಾರಣ ಒಂದು ಎಣ್ಣೆ ಮಿಲ್ಲು.

ನಮ್ಮೂರು ಚಳ್ಳಕೆರೆ. ಶೇಂಗಾ ಎಣ್ಣೆಗೆ ಹೆಸರಾದ ಊರು. ನಾನು ಶಾಲೆಗೆ ಹೋಗುವಾಗ ಗಾಳಿಯಲ್ಲೇ ಹಿಂಡಿಯ ವಾಸನೆ ಇರುತ್ತಿತ್ತು. ಅಪ್ಪ ಮತ್ತು ಅವರ ಗೆಳೆಯ ಸೇರಿ ಒಂದು ಸಣ್ಣ ಮಿಲ್ಲು ನಡೆಸುತ್ತಿದ್ದರು. ಆ ಗೆಳೆಯರನ್ನು ನಾವು ಮಕ್ಕಳು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆವು. ಛಾಪಾ ಕಾಗದದಲ್ಲಿ ಮೂರು ಪುಟದ ಕರಾರಿತ್ತು, ಸಾಕ್ಷಿ ಸಹಿಗಳಿದ್ದವು. ಸಂಸ್ಥೆಯ ನೋಂದಣಿ ಮಾತ್ರ ಆಗಿರಲಿಲ್ಲ. ಮಾಡಿಸಲೇಬೇಕೆಂಬ ಕಡ್ಡಾಯ ಕಾನೂನಿನಲ್ಲಿ ಇಲ್ಲ, ಇಂದಿಗೂ ಇಲ್ಲ. ಯಾರೋ ಹಾಗೆಂದರು, ಅಪ್ಪ ಬಿಟ್ಟರು.

1986ರಲ್ಲಿ ಪಕ್ಕದ ರಾಜ್ಯದ ಒಬ್ಬ ಎಣ್ಣೆ ವ್ಯಾಪಾರಿ ಮೂರು ಲಾರಿ ಮಾಲು ತರಿಸಿಕೊಂಡು 1,84,000 ರೂಪಾಯಿ ಬಾಕಿ ಉಳಿಸಿಕೊಂಡ. ಪತ್ರ ಬರೆದರು, ಹೋಗಿ ಬಂದರು, ದೀಪಾವಳಿ ಆಗಲಿ ಎಂದ, ಯುಗಾದಿ ಆಗಲಿ ಎಂದ. ದಾವೆ ಹಾಕಲು ಇರುವ ಮೂರು ವರ್ಷದ ಗಡುವು ಮುಗಿಯಲು ಕೆಲವೇ ತಿಂಗಳಿದ್ದಾಗ ಹಾಕಿದರು. ಎದುರು ಪಕ್ಷದ ವಕೀಲರು ಬಾಕಿ ಇಲ್ಲವೆಂದು ವಾದಿಸಲು ಹೋಗಲೇ ಇಲ್ಲ. ಸಂಸ್ಥೆ ನೋಂದಣಿ ಆಗಿದೆಯೇ, ಪತ್ರ ತೋರಿಸಿ ಎಂದು ಕೇಳಿದರು. ಅಷ್ಟೇ.

ಕಾಯ್ದೆಯ 69ನೇ ಕಲಮು ಹೇಳುವುದು ಇದನ್ನೇ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ, ತನ್ನ ಕರಾರಿನಿಂದ ಹುಟ್ಟಿದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. ದಾವೆ ಹಾಕುವ ದಿನ ಸಂಸ್ಥೆ ನೋಂದಣಿಯಾಗಿರಬೇಕು, ದಾವೆ ಹಾಕುವವರ ಹೆಸರು ಪಾಲುದಾರರೆಂದು ಆ ರಿಜಿಸ್ಟರಿನಲ್ಲಿ ಇರಬೇಕು. ಆಮೇಲೆ ಓಡಿ ಹೋಗಿ ಮಾಡಿಸಿದರೆ ಹಾಕಿದ ದಾವೆ ಸರಿಯಾಗುವುದಿಲ್ಲ. ಈ ಒಂದು ಕಲಮಿನ ಪೆಟ್ಟು ಎಷ್ಟು ಜೋರಾದದ್ದೆಂದು ಸರ್ಕಾರಕ್ಕೂ ಗೊತ್ತಿತ್ತೆಂದು ಕಾಣುತ್ತದೆ. ಉಳಿದ ಕಾಯ್ದೆ 1932ರ ಅಕ್ಟೋಬರ್ 1ರಂದು ಜಾರಿಗೆ ಬಂದರೆ, ಇದೊಂದಕ್ಕೆ ಮಾತ್ರ ಪೂರ್ತಿ ಒಂದು ವರ್ಷದ ಬಿಡುವು ಕೊಟ್ಟಿದ್ದರು.

ಅಪ್ಪನ ದಾವೆ ವಜಾ ಆಯಿತು. ಅಷ್ಟರಲ್ಲಿ ಗಡುವು ಮುಗಿದಿತ್ತು, ಇನ್ನೇನೂ ಮಾಡಲಾಗದೆಂದು ನಮ್ಮ ವಕೀಲರು ಕೈಚೆಲ್ಲಿದರು. ತಪ್ಪು ದಾವೆಯಲ್ಲಿ ಕಳೆದ ದಿನಗಳನ್ನು ಲೆಕ್ಕದಿಂದ ಬಿಡಿ ಎಂದು ಕೇಳಿಕೊಂಡು, ನೋಂದಣಿ ಮಾಡಿಸಿ ಹೊಸ ದಾವೆ ಹಾಕಲು ವಾದಕ್ಕೆ ಜಾಗವಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಪ್ಪನಿಗೆ ಅಂದು ಇನ್ನೊಬ್ಬ ವಕೀಲರ ಮೆಟ್ಟಿಲು ಹತ್ತುವ ಚೈತನ್ಯ ಇರಲಿಲ್ಲ.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಬರಬೇಕಾದ ದುಡ್ಡು ಬಾರದ್ದರಿಂದ ಶೇಂಗಾ ಕೊಟ್ಟ ಅಡತಿಯವರಿಗೆ ಮಿಲ್ಲು ಬಾಕಿ ಬಿತ್ತು. ಅವರು ದಾವೆ ಹಾಕಿದರು. ನೋಂದಣಿಯಾಗದ ಸಂಸ್ಥೆ ದಾವೆ ಹಾಕುವಂತಿಲ್ಲ ನಿಜ, ಆದರೆ ಅದರ ಮೇಲೆ ದಾವೆ ಹಾಕಲು ಯಾವ ಅಡ್ಡಿಯೂ ಇಲ್ಲ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಕೂಡಿಯೂ ಹೊಣೆ, ಒಬ್ಬಂಟಿಯಾಗಿಯೂ ಹೊಣೆ. ಅರ್ಧ ಪಾಲು ಎಂದರೆ ಅರ್ಧ ಸಾಲ ಎಂದಲ್ಲ. ಸಾಲ ಕೊಟ್ಟವನು ಪೂರ್ತಿ ಹಣವನ್ನು ಯಾರ ಬಳಿ ಆಸ್ತಿ ಕಾಣುತ್ತದೋ ಅವರಿಂದಲೇ ಕೀಳಬಹುದು. ದೊಡ್ಡಪ್ಪನ ಹೆಸರಿನಲ್ಲಿ ಏನೂ ಇರಲಿಲ್ಲ. ಅಪ್ಪನ ಹೆಸರಿನಲ್ಲಿ ನಾವಿದ್ದ ಮನೆ ಇತ್ತು. ಹಿಂಬದಿಯ ನಾಲ್ಕು ಅಂಕಣ ಮಾರಿ ತೀರಿಸಿದರು. ಗೆಳೆಯನಿಂದ ಅವರ ಪಾಲು ವಸೂಲಿ ಮಾಡೋಣವೆಂದರೆ ಅಲ್ಲಿಯೂ ಅದೇ 69 ಅಡ್ಡ. ನೋಂದಣಿ ಇಲ್ಲದಿದ್ದರೆ ಪಾಲುದಾರ ಪಾಲುದಾರನ ಮೇಲೂ ದಾವೆ ಹಾಕುವಂತಿಲ್ಲ. ಸಂಸ್ಥೆಯನ್ನೇ ಮುಚ್ಚಿ ಲೆಕ್ಕ ಮಾಡಿಕೊಡಿ ಎಂದು ಕೇಳುವುದಕ್ಕೆ ಮಾತ್ರ ದಾರಿ ಇದೆ. ಅಪ್ಪ ಕೇಳಲಿಲ್ಲ. ದೊಡ್ಡಪ್ಪ ನಮ್ಮ ಬೀದಿಯಲ್ಲಿ ಬರುವುದನ್ನು ಬಿಟ್ಟರು.

ಮುಂದೆ ಸುಪ್ರೀಂ ಕೋರ್ಟು ಈ ಕಲಮಿನ ಬಾಯಿಯನ್ನು ಸ್ವಲ್ಪ ಕಟ್ಟಿತು. 2000ದಲ್ಲಿ ಹಲ್ದಿರಾಮ್ ಭುಜಿಯಾದ ಟ್ರೇಡ್‌ಮಾರ್ಕ್ ಜಗಳ ಬಂದಾಗ, ಕರಾರಿನಿಂದ ಬಂದ ಹಕ್ಕಿಗೆ ಮಾತ್ರ ಈ ತಡೆ, ಶಾಸನ ಕೊಟ್ಟ ಹಕ್ಕಿಗೆ ಅಲ್ಲ ಎಂದಿತು. ಆದರೆ ಮೂರು ಲಾರಿ ಎಣ್ಣೆಯ ಬಾಕಿ ಕರಾರಿನದೇ. ಆದ್ದರಿಂದ ನನ್ನ ಬಳಿ ಬಂದವರಿಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯ ದಾರಿ ತೋರಿಸದೆ ಬಿಡುವುದಿಲ್ಲ. ಅರ್ಜಿಗೆ ಎಲ್ಲ ಪಾಲುದಾರರ ಸಹಿ, ಸಂಸ್ಥೆಯ ಹೆಸರು, ವಿಳಾಸ, ಸೇರಿದ ದಿನಾಂಕ, ಅವಧಿ, ಇಷ್ಟೇ.

ಹೆಸರು ಎಂದಾಗ ನೆನಪಾಯಿತು. ಅಂಗಡಿಯವರಿಗೆ ಹೆಸರಿನಲ್ಲಿ ‘ರಾಯಲ್’ ಇರಲೇಬೇಕೆಂಬ ಆಸೆ. ಬ್ರಿಟಿಷರ ಕಾಲದ ಕಾಯ್ದೆ ನೋಡಿ, ಕ್ರೌನ್, ಎಂಪರರ್, ಕಿಂಗ್, ಕ್ವೀನ್, ರಾಯಲ್ ಮುಂತಾದ ಪದಗಳನ್ನು ರಾಜ್ಯ ಸರ್ಕಾರದ ಒಪ್ಪಿಗೆಯಿಲ್ಲದೆ ಸಂಸ್ಥೆಯ ಹೆಸರಿನಲ್ಲಿ ಇಡುವಂತಿಲ್ಲ ಎಂಬ ಸಾಲು ಅದರಲ್ಲಿದೆ. ರಾಜರು ಹೋದರೂ ಸಾಲು ಹೋಗಿಲ್ಲ. ಅವರು ಮುಖ ಸಣ್ಣ ಮಾಡಿಕೊಂಡರು.

ಪಾಲುದಾರರ ಕರ್ತವ್ಯಗಳನ್ನು ಕಾಯ್ದೆ ದೊಡ್ಡ ಮಾತಿನಲ್ಲೇ ಹೇಳುತ್ತದೆ. ಎಲ್ಲರಿಗೂ ಹೆಚ್ಚು ಅನುಕೂಲವಾಗುವಂತೆ ವ್ಯಾಪಾರ ಮಾಡಬೇಕು, ಒಬ್ಬರಿಗೊಬ್ಬರು ನ್ಯಾಯವಾಗಿ ನಂಬಿಕೆಯಿಂದ ಇರಬೇಕು, ನಿಜವಾದ ಲೆಕ್ಕ ಕೊಡಬೇಕು. ದೇವಸ್ಥಾನದ ಗೋಡೆಯ ಮೇಲಿನ ಬರಹದಂತೆ ಕಂಡರೂ ಇದಕ್ಕೆ ಹಲ್ಲುಗಳಿವೆ. 1853ರ ಇಂಗ್ಲೆಂಡಿನ ಒಂದು ತೀರ್ಪನ್ನು ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಸಕ್ಕರೆ ಶುದ್ಧೀಕರಿಸುವ ಸಂಸ್ಥೆಯೊಂದರ ಪಾಲುದಾರ, ಖರೀದಿಯಲ್ಲಿ ಪಳಗಿದ ಕೈ. ಅಗ್ಗವಾಗಿದ್ದಾಗ ತನ್ನ ದುಡ್ಡಿನಲ್ಲಿ ಸಕ್ಕರೆ ಕೊಂಡು, ದರ ಏರಿದಾಗ ಅಂದಿನ ಪೇಟೆ ಧಾರಣೆಗೇ ಸಂಸ್ಥೆಗೆ ಮಾರಿದ. ಪೇಟೆಯ ಧಾರಣೆಯೇ ತಾನೆ, ಸಂಸ್ಥೆಗೆ ಏನು ನಷ್ಟ? ಆದರೂ ಮುಚ್ಚಿಟ್ಟು ಮಾಡಿದ ಆ ಲಾಭವನ್ನೆಲ್ಲ ಸಂಸ್ಥೆಗೆ ಒಪ್ಪಿಸಬೇಕೆಂದು ಕೋರ್ಟು ಹೇಳಿತು. ನಮ್ಮ ಕಾಯ್ದೆಯಲ್ಲೂ ಅದೇ. ನಮ್ಮಲ್ಲಿ ಇದು ಹೆಂಡತಿಯ ಹೆಸರಿನಲ್ಲೋ ಭಾಮೈದನ ಹೆಸರಿನಲ್ಲೋ ನಡೆಯುತ್ತದೆ. ಬಿಲ್ ಪುಸ್ತಕ ಬೇರೆ, ಗೋಡೌನು ಒಂದೇ.

ಇಂಥದ್ದನ್ನು ಹಿಡಿಯಲು ಪಾಲುದಾರನ ಕೈಯಲ್ಲಿರುವ ಹಕ್ಕು ಲೆಕ್ಕ ನೋಡುವುದು. ಅಂಗಡಿಗೆ ಕಾಲಿಡದ, ಬರೀ ದುಡ್ಡು ಹಾಕಿ ಮನೆಯಲ್ಲಿರುವ ಪಾಲುದಾರನಿಗೂ ಪುಸ್ತಕ ನೋಡುವ, ನಕಲು ತೆಗೆದುಕೊಳ್ಳುವ ಹಕ್ಕಿದೆ. ಹಿಂದೆ ರೋಜುಕೀರ್ದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ಈಗ ಟ್ಯಾಲಿಯ ಪಾಸ್‌ವರ್ಡ್. ಮೊನ್ನೆ ಮೊನ್ನೆ ಒಬ್ಬರು ಬಂದು, “ಪಾಸ್‌ವರ್ಡ್ ಕೇಳಿದ್ರೆ ನಿಮಗೆ ಅದೆಲ್ಲ ಅರ್ಥ ಆಗಲ್ಲ ಅಂತಾರೆ ಸಾರ್,” ಎಂದು ಗೋಳಾಡಿದರು. ಅರ್ಥ ಆಗಬೇಕೆಂಬ ಷರತ್ತು ಕಾಯ್ದೆಯಲ್ಲಿ ಇಲ್ಲ. ಹಾಗೆಂದು ಒಂದು ನೋಟಿಸು ಬರೆದುಕೊಟ್ಟೆ, ಪಾಸ್‌ವರ್ಡ್ ಬಂತು.

ಪಾಲುದಾರ ಎಂದರೆ ಸಂಸ್ಥೆಯ ಏಜೆಂಟ್. ದಿನದ ವ್ಯಾಪಾರದಲ್ಲಿ ಅವನು ತಂದ ಮಾಲು, ಕೊಟ್ಟ ಮಾತು, ಮಾಡಿದ ಕಡ ಎಲ್ಲರನ್ನೂ ಕಟ್ಟುತ್ತದೆ. ಸಂಸ್ಥೆಯ ನಿವೇಶನ ಮಾರುವುದು, ಬರಬೇಕಾದ ಬಾಕಿಯನ್ನು ರಾಜಿಯಲ್ಲಿ ಬಿಟ್ಟುಕೊಡುವುದು, ಸಂಸ್ಥೆಯ ಹಣಕ್ಕೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವುದು, ಇಂಥವಕ್ಕೆ ಒಬ್ಬನ ಸಹಿ ಸಾಲದು. ಸಣ್ಣಪುಟ್ಟ ಭಿನ್ನಾಭಿಪ್ರಾಯಕ್ಕೆ ಬಹುಮತ ಸಾಕು. ಪೇಂಟ್ ಅಂಗಡಿಯನ್ನು ಬಟ್ಟೆ ಅಂಗಡಿ ಮಾಡಬೇಕಾದರೆ, ಹೊಸಬರನ್ನು ಸೇರಿಸಿಕೊಳ್ಳಬೇಕಾದರೆ ಎಲ್ಲರೂ ಒಪ್ಪಬೇಕು.

ಮಗನನ್ನೂ ಹೆಸರಿಗೆ ಸೇರಿಸಿಬಿಡೋಣ ಎನ್ನುವುದು ನಮ್ಮ ಕಡೆಯ ಇನ್ನೊಂದು ಚಾಳಿ. ಮೈನರ್ ಮಗನನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು. ನಷ್ಟಕ್ಕೆ ಅವನ ಪಾಲಷ್ಟೇ ಹೊಣೆ, ಮೈಮೇಲೆ ಬರುವುದಿಲ್ಲ. ಆದರೆ ಹದಿನೆಂಟು ತುಂಬಿ ಆರು ತಿಂಗಳೊಳಗೆ ತಾನು ಪಾಲುದಾರನಾಗುವುದಿಲ್ಲವೆಂದು ಸಾರ್ವಜನಿಕ ನೋಟಿಸು ಕೊಡದಿದ್ದರೆ ಅವನು ಪೂರ್ತಿ ಪಾಲುದಾರ. ಅದೂ ಲಾಭಕ್ಕೆ ಸೇರಿದ ಮೊದಲ ದಿನದಿಂದಾದ ಸಾಲಗಳಿಗೆಲ್ಲ ಹೊಣೆಗಾರ. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬನ ಹಾಸ್ಟೆಲಿಗೆ ಬ್ಯಾಂಕಿನ ನೋಟಿಸು ಹೋದದ್ದನ್ನು ನಾನು ಕಂಡಿದ್ದೇನೆ. ಹುಟ್ಟುಹಬ್ಬಕ್ಕೆ ಬೈಕ್ ಕೊಡಿಸಿದ ಅಪ್ಪನಿಗೆ ನೋಟಿಸಿನ ನೆನಪು ಆಗಿರಲಿಲ್ಲ.

ಇನ್ನು ಆ ಅಶುಭ ಪ್ರಶ್ನೆ.

ಆರೇಳು ವರ್ಷದ ಹಿಂದೆ ಒಬ್ಬ ತಾಯಿ ಬಂದಿದ್ದರು. ಗಂಡ ಮತ್ತು ಅವರ ಗೆಳೆಯ ಇಬ್ಬರೇ ಸೇರಿ ಭತ್ತದ ವ್ಯಾಪಾರ ಮಾಡುತ್ತಿದ್ದವರು. ಗಂಡ ಹೃದಯಾಘಾತದಿಂದ ಹೋದರು. ಕಾರ್ಯ ಮುಗಿದ ಮೇಲೆ ಗೆಳೆಯ ಮನೆಗೆ ಬಂದು, “ಅಕ್ಕಾ, ಅಣ್ಣನ ದುಡ್ಡು ನನ್ನ ಹತ್ರ ಭದ್ರವಾಗಿದೆ,” ಎಂದಿದ್ದರು. ಎರಡು ವರ್ಷ ತಿಂಗಳಿಗಿಷ್ಟು ಎಂದು ಕೊಟ್ಟರು, ಆಮೇಲೆ ಒಂದು ದಿನ 6,40,000 ರೂಪಾಯಿಯ ಚೆಕ್ ತಂದು, ಇಲ್ಲಿಗೆ ಲೆಕ್ಕ ಚುಕ್ತಾ ಎಂದು ಸಹಿ ಕೇಳಿದರು. ಪುಸ್ತಕದಲ್ಲಿ ಗಂಡನ ಬಂಡವಾಳ ಖಾತೆಯಲ್ಲಿ ಇದ್ದದ್ದು ಅಷ್ಟೇ. ಆಕೆ ಸಹಿ ಹಾಕದೆ, ಕರಾರು ಪತ್ರವನ್ನು ಸೀರೆಯ ಮಡಿಕೆಯ ನಡುವಿನಿಂದ ತೆಗೆದು ನನ್ನ ಬಳಿ ತಂದರು.

ಪತ್ರದಲ್ಲಿ ಒಂದು ಸಾಲಿತ್ತು: ಪಾಲುದಾರರು ತೀರಿಕೊಂಡರೂ ಸಂಸ್ಥೆ ಮುಂದುವರಿಯತಕ್ಕದ್ದು. ಪಾಲುದಾರ ಸತ್ತರೆ ಸಂಸ್ಥೆ ಮುಗಿಯುತ್ತದೆ, ಬೇರೆ ಕರಾರಿದ್ದರೆ ಮುಂದುವರಿಯುತ್ತದೆ ಎನ್ನುವುದು ಕಾಯ್ದೆ. ಆದರೆ ಇಬ್ಬರೇ ಇದ್ದ ಕಡೆ ಒಬ್ಬರು ಹೋದರೆ ಉಳಿದ ಒಬ್ಬರೇ ಪಾಲುದಾರಿಕೆಯಾಗುವುದು ಹೇಗೆ? ಅಂಥ ಸಾಲಿಗೆ ಅಲ್ಲಿ ಬೆಲೆಯಿಲ್ಲವೆಂದು ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1965ರಲ್ಲೇ ಹೇಳಿದೆ. ಅಂದರೆ ಆಕೆಯ ಗಂಡ ಹೋದ ದಿನವೇ ಆ ಸಂಸ್ಥೆಯೂ ಮುಗಿದಿತ್ತು. ಅಂದಿನ ದಿನಕ್ಕೆ ಗೋಡೌನಿನ ಭತ್ತ, ಮಿಲ್ಲುಗಳಿಂದ ಬರಬೇಕಾದ ಬಾಕಿ, ಅಂಗಡಿಯ ಹೆಸರಿಗಿದ್ದ ಬೆಲೆ ಎಲ್ಲವನ್ನೂ ಲೆಕ್ಕ ಹಾಕಿ ಪಾಲು ಕೊಡಬೇಕಿತ್ತು. ಕೊಡದೆ ಅದೇ ಮಾಲು, ಅದೇ ಹಣದಲ್ಲಿ ವ್ಯಾಪಾರ ಮುಂದುವರಿಸಿದ್ದರಿಂದ 37ನೇ ಕಲಮು ಆಕೆಗೆ ಇನ್ನೊಂದು ಆಯ್ಕೆ ಕೊಡುತ್ತಿತ್ತು. ಗಂಡನ ಪಾಲಿನ ಬಳಕೆಯಿಂದ ಬಂದ ಲಾಭ ಬೇಕೋ, ಇಲ್ಲವೇ ಆ ಪಾಲಿನ ಮೇಲೆ ವರ್ಷಕ್ಕೆ ಶೇ. 6 ಬಡ್ಡಿ ಬೇಕೋ. ಆರಿಸುವುದು ಆಕೆ, ವ್ಯಾಪಾರ ನಡೆಸಿದವರಲ್ಲ.

ಕೋರ್ಟಿಗೆ ಹೋಗಲಿಲ್ಲ. ಗೆಳೆಯ ಕೆಟ್ಟವರೇನಲ್ಲ. ತಾವು ಧರ್ಮಕ್ಕೆ ಕೊಡುತ್ತಿದ್ದೇವೆಂದು ನಿಜವಾಗಿಯೂ ನಂಬಿದ್ದರು, ಅದೇ ತೊಂದರೆ. ಮೂರು ಸಂಜೆ ನನ್ನ ಟೇಬಲ್ಲಿಗೆ ಎದುರುಬದುರು ಕೂತು ಲೆಕ್ಕ ಮಾಡಿದೆವು. ಎರಡೂ ದಾರಿಯ ಮೊತ್ತ ಬರೆದು ತೋರಿಸಿದಾಗ ಆಕೆ ಎರಡು ಅಂಕಿಗಳ ಮೇಲೂ ಬೆರಳಿಟ್ಟು ಓದಿ, “ಲಾಭಾನೇ ಬರೀರಿ,” ಎಂದರು. 6,40,000 ಇದ್ದದ್ದು ಹನ್ನೊಂದು ಲಕ್ಷ ಚಿಲ್ಲರೆಯಾಯಿತು, ತಿಂಗಳು ತಿಂಗಳು ಕೊಟ್ಟದ್ದನ್ನು ಕಳೆದ ಮೇಲೆ.

ಬದುಕಿರುವಾಗ ಹೊರಬರುವವರು ಮಾಡುವ ತಪ್ಪೂ ಒಂದಿದೆ. ಕೈಕುಲುಕಿ, ಪಾಲು ತೆಗೆದುಕೊಂಡು ಹೊರಟುಬಿಡುತ್ತಾರೆ. ನೋಂದಾಯಿತ ಸಂಸ್ಥೆಯಾದರೆ ನೋಂದಣಾಧಿಕಾರಿಗೆ ತಿಳಿಸಿ, ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸುವ ತನಕ ಹೊರಗಿನವರ ದೃಷ್ಟಿಯಲ್ಲಿ ಅವರು ಇನ್ನೂ ಪಾಲುದಾರರೇ. ಪತ್ರಿಕೆಯ ಒಳಪುಟದ ಆ ಬೆರಳಗಲದ ಪ್ರಕಟಣೆಗಳನ್ನು ಯಾರು ಓದುತ್ತಾರೆ ಎಂದು ಕೇಳುತ್ತಾರೆ. ಬ್ಯಾಂಕಿನ ವಕೀಲರು ಓದುತ್ತಾರೆ.

ಇಷ್ಟೆಲ್ಲ ಹೊಣೆ ಬೇಡವೆನ್ನುವವರಿಗೆ 2008ರ ಕಾಯ್ದೆಯ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಇದೆ. ಅಲ್ಲಿ ಸಂಸ್ಥೆಯೇ ಬೇರೆ ವ್ಯಕ್ತಿ. ಅದರ ಸಾಲಕ್ಕೆ, ಮೋಸ ಮಾಡದ ಹೊರತು, ನಿಮ್ಮ ಮನೆ ಹೋಗುವುದಿಲ್ಲ. ಅಪ್ಪನ ಕಾಲದಲ್ಲಿ ಇದ್ದಿದ್ದರೆ ಎಂದು ನನಗೆ ಅನ್ನಿಸುವುದುಂಟು. ಆದರೆ ವ್ಯಾಪಾರ ಇರಲಿ ಬಿಡಲಿ ವರ್ಷವರ್ಷ ಕಾಗದಪತ್ರ ಸಲ್ಲಿಸಬೇಕು. ನಮ್ಮ ಪೇಟೆಯವರಿಗೆ ಅದು ಒಗ್ಗಿಲ್ಲ. ತೆರಿಗೆ ಎರಡಕ್ಕೂ ಒಂದೇ, ಲಾಭದ ಮೇಲೆ ಶೇ. 30 ಮತ್ತು ಅದರ ಮೇಲಿನ ಸೆಸ್. ಪಾಲುದಾರನ ಕೈಗೆ ಬರುವ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. 2025ರ ಏಪ್ರಿಲ್ 1ರಿಂದ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ಸೇರಿ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ಶೇ. 10 ಟಿಡಿಎಸ್ ಹಿಡಿಯಬೇಕು. ಇದು ಇನ್ನೂ ಬಹಳ ಮಂದಿಯ ಕಿವಿಗೆ ಬಿದ್ದಿಲ್ಲ.

ಆ ಶುಕ್ರವಾರ ನಾನು ಸಹಿ ಮಾಡಿಸಲಿಲ್ಲ. ಆರು ಪುಟದ ಕರಡು ಮಾಡಿ, ಎರಡು ಪ್ರತಿ ತೆಗೆದು, ಮನೆಗೆ ಒಯ್ದು ಹೆಂಡತಿಯರ ಎದುರು ಜೋರಾಗಿ ಓದಿ ಎಂದು ಕೊಟ್ಟೆ. ಇದು ಕಾಯ್ದೆಯಲ್ಲಿ ಇಲ್ಲದ, ನಾನೇ ಮಾಡಿಕೊಂಡ ನಿಯಮ. ಒಳ್ಳೆಯ ದಿನ ತಪ್ಪಿತೆಂದು ಗೊಣಗುತ್ತ ಹೋದರು.

ಹನ್ನೊಂದನೇ ದಿನ ಬಂದರು. ಬಂಡವಾಳದ ನಷ್ಟ ತೋಟದವರದೇ ಎಂದು ಇಬ್ಬರೂ ಒಪ್ಪಿದ್ದರು. ಒಬ್ಬರು ತೀರಿಕೊಂಡರೆ ಆ ದಿನಕ್ಕೆ ಲೆಕ್ಕ ಮುಗಿಸಿ ಆರು ತಿಂಗಳೊಳಗೆ ಮನೆಯವರಿಗೆ ಪಾಲು ಕೊಡತಕ್ಕದ್ದು ಎಂಬ ಸಾಲಿನ ಕೆಳಗೆ ಇಬ್ಬರೂ ಗೆರೆ ಎಳೆದುಕೊಂಡು ಬಂದಿದ್ದರು. ಅಂಗಡಿಯವರ ಪ್ರತಿಯಲ್ಲಿ ಸಂಬಳ 18,000 ಎಂದು ನಾನು ಬರೆದದ್ದನ್ನು ಯಾರೋ ಪೆನ್ಸಿಲಿನಿಂದ ಹೊಡೆದುಹಾಕಿ 22,000 ಎಂದು ದುಂಡಗೆ ಬರೆದಿದ್ದರು. “ನಮ್ಮನೆಯವರು,” ಎಂದರು ಅವರು, ತಲೆ ತಗ್ಗಿಸಿ. ತೋಟದವರು ಒಂದು ಗಳಿಗೆ ಆ ಅಂಕಿ ನೋಡಿ, ಪೆನ್ನು ಕೇಳಿ, ಪೆನ್ಸಿಲಿನ ಮೇಲೆಯೇ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರು.

ನೋಂದಣಿ ಪತ್ರ ಕೈಗೆ ಬಂದದ್ದು ದೀಪಾವಳಿಗೆ ನಾಲ್ಕು ದಿನ ಮೊದಲು, ಹೆಸರಿನಲ್ಲಿ ರಾಯಲ್ ಇಲ್ಲದೆ. ಲಕ್ಷ್ಮಿ ಪೂಜೆಯ ಸಂಜೆ ಮೊದಲ ಬಿಲ್ ಹರಿದರು: ಎರಡು ಕೆಜಿ ಮೊಳೆ, ಒಂದು ನಾಲ್ಕಿಂಚಿನ ಬ್ರಷ್.